ಅಳಿವೆಯಾಚೆಯ ನದಿನೀರನ್ನು ಯಾವ ಉಪಗ್ರಹದಿಂದ ನೋಡಬೇಕು: ಕರ್ನಾಟಕ ಕರಾವಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ನೇತ್ರಾವತಿ ಮತ್ತು ಗುರುಪುರ ನದಿಗಳು ಮಂಗಳೂರಿನ ಹಳೆ ಬಂದರಿನ ಬಳಿ ಕೂಡಿ ಒಂದೇ ಅಳಿವೆಯಿಂದ ಕಡಲಿಗೆ ಇಳಿಯುತ್ತವೆ. ಘಟ್ಟದಲ್ಲಿ ಜೋರು ಮಳೆಯಾದ ಮೇಲೆ ಆ ಅಳಿವೆಯಿಂದ ಹೊರಬರುವ ಕೆಂಪು ನೀರು ಕಡಲಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಕೂಡಲೇ ಬೆರೆಯದೆ, ಮೇಲ್ಮೈಯಲ್ಲಿ ತೆಳುವಾದ ಪದರವಾಗಿ ಹರಡುತ್ತದೆ. ಕಡಲವಿಜ್ಞಾನದಲ್ಲಿ ನದಿ ಪ್ಲೂಮ್ ಎಂದು ಕರೆಯುವುದು ಈ ಹರವನ್ನೇ. ಅದರೊಂದಿಗೆ ಹೂಳು, ಎಲೆಕೊಳೆತದ ಬಣ್ಣ, ಗದ್ದೆ ತೋಟಗಳ ಗೊಬ್ಬರದ ಅಂಶ, ನಗರದ ಕೊಳಚೆ, ಪ್ಲಾಸ್ಟಿಕ್ ಎಲ್ಲವೂ ಕಡಲಿಗೆ ಸೇರುತ್ತವೆ. ಹೀಗಾಗಿ ಅದು ಎಷ್ಟು ದೂರ ಹೋಗುತ್ತದೆ, ಉತ್ತರಕ್ಕೆ ತಿರುಗುತ್ತದೆಯೋ ದಕ್ಷಿಣಕ್ಕೋ, ಎಷ್ಟು ದಿನ ಉಳಿಯುತ್ತದೆ ಎಂಬ ಪ್ರಶ್ನೆಗಳು ಮೀನುಗಾರಿಕೆಯ ಸಂಶೋಧಕರಿಗೂ ಬಂದರಿನ ಎಂಜಿನಿಯರರಿಗೂ ಕಡಲ್ಕೊರೆತವನ್ನು ಅಭ್ಯಸಿಸುವವರಿಗೂ ಸಮಾನವಾಗಿ ಮುಖ್ಯ.

ದೋಣಿಯಲ್ಲಿ ಹೋಗಿ ನೀರು ತೆಗೆದು ಅಳೆಯುವುದಕ್ಕೆ ಪರ್ಯಾಯವಿಲ್ಲ. ಆದರೆ ಪ್ಲೂಮ್ ಜೋರಾಗಿರುವ ದಿನಗಳಲ್ಲೇ ಕಡಲು ದೋಣಿಗೆ ದಾರಿ ಕೊಡುವುದಿಲ್ಲ, ಮತ್ತು ಒಂದು ದೋಣಿ ಒಂದು ಹೊತ್ತಿಗೆ ಒಂದೇ ಜಾಗದಲ್ಲಿರಬಲ್ಲದು. ಉಪಗ್ರಹಚಿತ್ರ ಇಡೀ ಹರವನ್ನು ಒಮ್ಮೆಗೇ ತೋರಿಸುತ್ತದೆ. ಇಂದು ಪುಕ್ಕಟೆಯಾಗಿ ಸಿಗುವ ಉಪಗ್ರಹ ದತ್ತಾಂಶಗಳೇ ಹಲವಾರು ಇರುವುದರಿಂದ, ಹೊಸದಾಗಿ ಈ ಕೆಲಸಕ್ಕೆ ಇಳಿಯುವ ವಿದ್ಯಾರ್ಥಿಗೆ ಯಾವುದನ್ನು ಆರಿಸಬೇಕೆಂಬುದೇ ಮೊದಲ ತೊಡಕು. ಅತ್ಯಂತ ಸೂಕ್ಷ್ಮ ಪಿಕ್ಸೆಲ್ (ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಆವರಿಸುವ ಚೌಕ) ಇರುವ ಉಪಗ್ರಹವನ್ನು ಆರಿಸಿಕೊಳ್ಳುವುದು ಸಾಮಾನ್ಯ ಒಲವು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಮ್ಮ ಕರಾವಳಿಯ ಮಟ್ಟಿಗೆ ಆಯ್ಕೆಯನ್ನು ತೀರ್ಮಾನಿಸುವುದು ಮೊದಲು ಮೋಡ, ಆಮೇಲೆ ಪ್ಲೂಮಿನ ಗಾತ್ರ, ಆಮೇಲೆ ನಾವು ಕೇಳುತ್ತಿರುವ ಪ್ರಶ್ನೆಯ ಕಾಲಾವಧಿ.

ಮೋಡದ ಲೆಕ್ಕಾಚಾರ

ಕರ್ನಾಟಕದ ಕರಾವಳಿಗೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ನದಿಗಳು ತುಂಬಿ ಹರಿಯುವುದೂ ಅದೇ ತಿಂಗಳುಗಳಲ್ಲಿ, ಆಕಾಶ ಮುಚ್ಚಿರುವುದೂ ಅದೇ ತಿಂಗಳುಗಳಲ್ಲಿ. ಬೆಳಕಿನಿಂದ ಚಿತ್ರ ತೆಗೆಯುವ ಯಾವ ಉಪಗ್ರಹವೂ ಮೋಡದಾಚೆ ನೋಡಲಾರದು, ಅದರ ಪಿಕ್ಸೆಲ್ 3 ಮೀಟರ್ ಇರಲಿ, 1 ಕಿಲೋಮೀಟರ್ ಇರಲಿ. ಐದು ದಿನಕ್ಕೊಮ್ಮೆ ಬರುವ ಉಪಗ್ರಹ ಜುಲೈ ತಿಂಗಳಿನಲ್ಲಿ ಆರು ಬಾರಿ ಮೇಲೆ ಹಾದುಹೋದರೂ ಆರೂ ಬಾರಿ ಬಿಳಿ ಚಾದರವನ್ನೇ ತೆಗೆದು ತರುವುದು ಇಲ್ಲಿ ಅಪರೂಪವಲ್ಲ. ಪ್ರತಿದಿನ ಬರುವ ಉಪಗ್ರಹಕ್ಕಾದರೆ ಮಳೆ ಬಿಡುವು ಕೊಟ್ಟ ಒಂದೆರಡು ದಿನಗಳಲ್ಲಿ, ಮೋಡದ ಕಿಂಡಿಯಲ್ಲಿ, ಅಳಿವೆಯ ಮುಂದಿನ ನೀರು ಕಾಣಿಸುವ ಸಾಧ್ಯತೆ ಉಂಟು. ಆದ್ದರಿಂದ ನೆರೆಯ ಕಾಲದ ಅಧ್ಯಯನಕ್ಕೆ ಎಷ್ಟು ಸೂಕ್ಷ್ಮವಾಗಿ ಕಾಣುತ್ತದೆ ಎನ್ನುವುದಕ್ಕಿಂತ ಎಷ್ಟು ಸಲ ಬರುತ್ತದೆ ಎನ್ನುವುದಕ್ಕೆ ಬೆಲೆ ಹೆಚ್ಚು.

ಇದರಿಂದ ಇನ್ನೊಂದು ಪರಿಣಾಮವೂ ಇದೆ. ಕೈಗೆ ಸಿಗುವ ನಿರ್ಮಲ ಚಿತ್ರಗಳೆಲ್ಲ ಮಳೆ ನಿಂತ ದಿನಗಳವು. ಅವುಗಳ ಸರಾಸರಿ ತೆಗೆದು "ಮಳೆಗಾಲದ ಪ್ಲೂಮ್ ಇಷ್ಟು" ಎಂದು ಬರೆದರೆ, ನಿಜವಾದ ನೆರೆಯ ದಿನಗಳನ್ನು ಬಿಟ್ಟ ಲೆಕ್ಕ ಅದಾಗುತ್ತದೆ. ಚಿತ್ರ ಸಿಕ್ಕ ದಿನ ನದಿಯಲ್ಲಿ ಎಷ್ಟು ನೀರಿತ್ತು ಎಂಬುದನ್ನು ಕೇಂದ್ರ ಜಲ ಆಯೋಗದ ಬಂಟ್ವಾಳದ ಮಾಪನಕೇಂದ್ರದಂಥ ದಾಖಲೆಯ ಜೊತೆಗಿಟ್ಟು, ಇಡೀ ಋತುವಿನ ಹರಿವಿನಲ್ಲಿ ಆ ದಿನ ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿದರೆ ಮಾತ್ರ ಓದುಗನಿಗೆ ನ್ಯಾಯ ಮಾಡಿದಂತಾಗುತ್ತದೆ.

ಗಾತ್ರ ಮತ್ತು ಪಿಕ್ಸೆಲ್

ಅಮೆಜಾನಿನ ಪ್ಲೂಮ್ ಅಟ್ಲಾಂಟಿಕ್‌ನಲ್ಲಿ ಸಾವಿರ ಕಿಲೋಮೀಟರಿಗೂ ಆಚೆ ಗುರುತಿಸಲು ಬರುತ್ತದೆ, ಗಂಗಾ-ಬ್ರಹ್ಮಪುತ್ರದ ಸಿಹಿನೀರು ಬಂಗಾಳಕೊಲ್ಲಿಯ ಪಶ್ಚಿಮದಂಚಿನಗುಂಟ ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ಇಳಿಯುತ್ತದೆ. ಅಂಥವಕ್ಕೆ ಲವಣಾಂಶವನ್ನು ನೇರವಾಗಿ ಅಳೆಯುವ ಉಪಗ್ರಹಗಳಿವೆ: 2009ರಲ್ಲಿ ಹಾರಿದ ಯುರೋಪಿನ ಸ್ಮಾಸ್, 2015ರಲ್ಲಿ ಹಾರಿದ ನಾಸಾದ ಸ್ಮ್ಯಾಪ್. ಇವು ಮೈಕ್ರೋವೇವ್‌ನಲ್ಲಿ ಕೆಲಸ ಮಾಡುವುದರಿಂದ ಮೋಡದ ತಂಟೆಯೂ ಇಲ್ಲ. ಆದರೆ ಇವುಗಳ ಒಂದು ನೋಟದ ಅಗಲ ಸುಮಾರು 40 ಕಿಲೋಮೀಟರ್, ಮತ್ತು ದಡದ ಹತ್ತಿರ ನೆಲದಿಂದ ಬರುವ ವಿಕಿರಣ ಅಳತೆಯನ್ನು ಕೆಡಿಸುತ್ತದೆ. ಘಟ್ಟದಿಂದ ಕಡಲಿಗೆ ನೂರಿನ್ನೂರು ಕಿಲೋಮೀಟರಿನೊಳಗೆ ಓಡಿ ಮುಗಿಯುವ ನಮ್ಮ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳಿಗೆ ಇವು ಒದಗುವುದಿಲ್ಲ. ಇವನ್ನು ಪಟ್ಟಿಯಿಂದ ತೆಗೆದುಹಾಕಿಯೇ ಮುಂದುವರಿಯಬಹುದು.

ಉಳಿದವುಗಳಿಗೆ ಒಂದು ಸರಳ ಅಳತೆಗೋಲು ಇಟ್ಟುಕೊಳ್ಳುವುದು ಒಳ್ಳೆಯದು. ಪ್ಲೂಮಿನ ಕಿರಿದಾದ ಅಗಲಕ್ಕೆ ಕನಿಷ್ಠ ಹತ್ತು ಪಿಕ್ಸೆಲ್ ಆದರೂ ಬೀಳಬೇಕು. ಇದರ ಜೊತೆಗೆ ದಡದ ಪಕ್ಕದ ಎರಡು ಮೂರು ಪಿಕ್ಸೆಲ್‌ಗಳನ್ನು ಬಿಟ್ಟುಬಿಡಬೇಕು, ಏಕೆಂದರೆ ತೆಂಗಿನ ತೋಟ ಮತ್ತು ಮರಳಿನ ಹೊಳಪು ವಾತಾವರಣದಲ್ಲಿ ಚದುರಿ ಪಕ್ಕದ ನೀರಿನ ಮೇಲೂ ಬಿದ್ದಿರುತ್ತದೆ. ಈ ಎರಡು ಷರತ್ತುಗಳನ್ನು 1 ಕಿಲೋಮೀಟರ್ ಪಿಕ್ಸೆಲ್‌ಗೆ ಅನ್ವಯಿಸಿ ನೋಡಿದರೆ ದಡದಿಂದ ಮೂರು ಕಿಲೋಮೀಟರ್ ಹೊರಗೇ ಉಳಿಯುತ್ತದೆ, ಮಳೆಗಾಲ ಕಳೆದ ಮೇಲಿನ ನಮ್ಮ ಸಣ್ಣ ನದಿಗಳ ಪ್ಲೂಮ್ ಪೂರ್ತಿಯಾಗಿ ಆ ಮೂರು ಕಿಲೋಮೀಟರಿನೊಳಗೇ ಮುಗಿದಿರಬಹುದು.

ದಿನವೂ ಬರುವವು

ನಾಸಾದ ಟೆರ್ರಾ 1999ರ ಡಿಸೆಂಬರಿನಲ್ಲೂ ಆಕ್ವಾ 2002ರ ಮೇ ತಿಂಗಳಲ್ಲೂ ಹಾರಿದವು. ಎರಡರಲ್ಲೂ ಮೋಡಿಸ್ ಎಂಬ ಒಂದೇ ಬಗೆಯ ಉಪಕರಣ. ಅದರ ಕಡಲಬಣ್ಣದ ಬ್ಯಾಂಡುಗಳು (ಒಂದೊಂದು ಬಣ್ಣದ ಬೆಳಕನ್ನು ಬೇರೆಯಾಗಿ ಅಳೆಯುವ ಪಟ್ಟಿಗಳು) 1 ಕಿಲೋಮೀಟರಿನವು. ಆದರೆ 645 ಮತ್ತು 859 ನ್ಯಾನೋಮೀಟರ್ ತರಂಗಾಂತರದ ಎರಡು ಬ್ಯಾಂಡುಗಳು 250 ಮೀಟರಿನವು, ಮತ್ತು ಪ್ಲೂಮ್ ಅಧ್ಯಯನಕ್ಕೆ ಮೋಡಿಸ್ ಇಷ್ಟು ಬಳಕೆಯಾಗಿರುವುದು ಆ ಎರಡು ಬ್ಯಾಂಡುಗಳಿಂದ. ತೇಲುವ ಹೂಳು ಕೆಂಪು ಬೆಳಕನ್ನು ಚೆನ್ನಾಗಿ ಚದುರಿಸುವುದರಿಂದ 645ರ ಬ್ಯಾಂಡೊಂದರಿಂದಲೇ ಕದಡಿದ ನೀರಿನ ನಕ್ಷೆ ಬರೆಯಬಹುದು. 250 ಮೀಟರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿದ ದಿನನಿತ್ಯದ ದಾಖಲೆ ಇನ್ನೊಂದಿಲ್ಲ. ಒಂದು ನದಿಯ ಪ್ಲೂಮ್ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ, ಮಳೆ ಕಡಿಮೆಯಾದ ವರ್ಷ ಏನಾಯಿತು ಎಂಬಂಥ ಪ್ರಶ್ನೆಗೆ ನಾನು ಮೋಡಿಸ್‌ನ 250 ಮೀಟರ್ ಬ್ಯಾಂಡನ್ನೇ ಮೊದಲು ಸೂಚಿಸುವೆ. ಟೆರ್ರಾ ಬೆಳಗ್ಗೆ ಹತ್ತೂವರೆಗೆ, ಆಕ್ವಾ ಮಧ್ಯಾಹ್ನ ಒಂದೂವರೆಗೆ ಹಾದುಹೋಗುತ್ತಿದ್ದ ವರ್ಷಗಳಲ್ಲಿ ಒಂದೇ ದಿನ ಮೂರು ಗಂಟೆಯ ಅಂತರದ ಎರಡು ಚಿತ್ರಗಳು ಸಿಗುತ್ತಿದ್ದವು, ಇಳಿತದ ಜೊತೆ ಪ್ಲೂಮಿನ ಅಂಚು ಎಷ್ಟು ಸರಿಯಿತು ಎಂದು ಅಳೆಯಲು ಅದು ಸಾಕಾಗುತ್ತಿತ್ತು. ಈಗ ಎರಡೂ ಉಪಗ್ರಹಗಳು ಇಂಧನ ತೀರಿ ತಮ್ಮ ವೇಳೆಯಿಂದ ಸರಿಯುತ್ತಿವೆ. ಹೊಸ ಅಧ್ಯಯನವನ್ನು ಇನ್ನು ಮುಂದೆ ಇವುಗಳನ್ನೇ ನಂಬಿ ಶುರುಮಾಡುವುದು ತರವಲ್ಲ.

ಮೋಡಿಸ್‌ನ ಉತ್ತರಾಧಿಕಾರಿಯಾದ ವಿಐಐಆರ್‌ಎಸ್ ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21 ಉಪಗ್ರಹಗಳಲ್ಲಿದೆ. ಅದರ ಕಡಲಬಣ್ಣದ ಪಿಕ್ಸೆಲ್ 750 ಮೀಟರ್, ಚಿತ್ರಣದ ಬ್ಯಾಂಡುಗಳು 375 ಮೀಟರ್. ದಾಖಲೆಯನ್ನು ಮುಂದುವರಿಸಲು ಅದು ಬೇಕೇ ಬೇಕು, ಆದರೆ ಸಣ್ಣ ನದಿಗೆ ಮೊದಲ ಆಯ್ಕೆಯಾಗದು. 2024ರ ಫೆಬ್ರವರಿಯಲ್ಲಿ ಹಾರಿದ ನಾಸಾದ ಪೇಸ್ ಉಪಗ್ರಹ ಬೆಳಕನ್ನು 5 ನ್ಯಾನೋಮೀಟರಿನ ಅಂತರದಲ್ಲಿ ಬಿಡಿಸಿ ನೋಡುತ್ತದೆ. ಪ್ಲೂಮಿನ ಹೊರಂಚಿನಲ್ಲಿ ಯಾವ ಬಗೆಯ ಸಸ್ಯಪ್ಲವಕ ಬೆಳೆಯಿತು ಎಂಬ ಪ್ರಶ್ನೆಯಿದ್ದರೆ ಅದರ ಕಡೆ ನೋಡಬೇಕು. ಅದರ ಪಿಕ್ಸೆಲ್ ಮಾತ್ರ ಸುಮಾರು ಒಂದು ಕಿಲೋಮೀಟರೇ.

ಈ ಗುಂಪಿನಲ್ಲಿ ನನ್ನ ಒಲವು ಇರುವುದು ಯುರೋಪಿನ ಸೆಂಟಿನೆಲ್-3 ಉಪಗ್ರಹಗಳ ಕಡಲಬಣ್ಣದ ಉಪಕರಣವಾದ ಓಎಲ್‌ಸಿಐ ಕಡೆಗೆ. 2016ರಲ್ಲೂ 2018ರಲ್ಲೂ ಹಾರಿದ ಎರಡು ಉಪಗ್ರಹಗಳು ಸೇರಿ ಸಮಭಾಜಕದ ಬಳಿಯೂ ಎರಡು ದಿನದೊಳಗೆ ಒಮ್ಮೆ ಚಿತ್ರ ಕೊಡುತ್ತವೆ, ಪಿಕ್ಸೆಲ್ 300 ಮೀಟರ್, ಬ್ಯಾಂಡುಗಳು 21. 1270 ಕಿಲೋಮೀಟರ್ ಅಗಲದ ನೋಟದಲ್ಲಿ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ ಒಂದೇ ಚಿತ್ರದೊಳಗೆ ಕೂರುತ್ತದೆ. ಅಣೆಕಟ್ಟೆಗಳಿರುವ ಕಾಳಿ, ಶರಾವತಿಗಳ ಪ್ಲೂಮನ್ನೂ ದೊಡ್ಡ ಅಣೆಕಟ್ಟೆಯಿಲ್ಲದ ಅಘನಾಶಿನಿಯ ಪ್ಲೂಮನ್ನೂ ಒಂದೇ ದಿನ, ಒಂದೇ ಗಳಿಗೆಯಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸಲು ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಇನ್ನೊಂದು ಗುಣ 400 ಮತ್ತು 412 ನ್ಯಾನೋಮೀಟರಿನ ಬ್ಯಾಂಡುಗಳು. ಕಾಡಿನಿಂದ ಹರಿದುಬರುವ ನೀರಿನಲ್ಲಿ ಕೊಳೆತ ಎಲೆಯ ಕಂದುಬಣ್ಣ ಕರಗಿರುತ್ತದೆ, ಅದು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಹೂಳು ಕೆಲವೇ ಕಿಲೋಮೀಟರಿನಲ್ಲಿ ತಳಕ್ಕೆ ಇಳಿದುಬಿಡುತ್ತದೆ, ಆದರೆ ಈ ಕರಗಿದ ಬಣ್ಣ ನೀರಿನ ಜೊತೆಗೇ ಸಾಗಿ ಉಪ್ಪುನೀರು ಬೆರೆತಷ್ಟೂ ತೆಳುವಾಗುತ್ತದೆ. ಹಾಗಾಗಿ ಸಿಹಿನೀರು ನಿಜವಾಗಿ ಎಲ್ಲಿಯವರೆಗೆ ತಲುಪಿತು ಎಂಬುದಕ್ಕೆ ಕೆಂಪು ಬ್ಯಾಂಡಿಗಿಂತ ನೀಲಿ ಬ್ಯಾಂಡೇ ಒಳ್ಳೆಯ ಸಾಕ್ಷಿ. ದೋಣಿಯಿಂದ ಅಳೆದ ಲವಣಾಂಶದ ಜೊತೆ ಅದನ್ನು ಒಮ್ಮೆ ಹೊಂದಿಸಿಕೊಂಡರೆ ಆ ಋತುವಿನ ಮಟ್ಟಿಗೆ ಲವಣಾಂಶದ ಅಂದಾಜು ನಕ್ಷೆಯನ್ನೇ ಬರೆಯಬಹುದು.

ಇಸ್ರೋದ ಓಷನ್‌ಸ್ಯಾಟ್ ಸರಣಿಯನ್ನು ನಮ್ಮವರು ಇನ್ನೂ ಹೆಚ್ಚಾಗಿ ಬಳಸಬೇಕೆಂಬುದು ನನ್ನ ಆಸೆ. 1999ರ ಮೇ 26ರಂದು ಮೊದಲನೆಯದು, 2009ರ ಸೆಪ್ಟೆಂಬರಿನಲ್ಲಿ ಎರಡನೆಯದು, 2022ರ ನವೆಂಬರ್ 26ರಂದು ಇಒಎಸ್-06 ಎಂಬ ಹೆಸರಿನಲ್ಲಿ ಮೂರನೆಯದು ಹಾರಿದವು. ಮೊದಲ ಎರಡರ ಓಸಿಎಂ ಉಪಕರಣಕ್ಕೆ 8 ಬ್ಯಾಂಡುಗಳು, 360 ಮೀಟರಿನ ಪಿಕ್ಸೆಲ್, ಎರಡು ದಿನಕ್ಕೊಮ್ಮೆ ಭೇಟಿ. ಕಡಲಬಣ್ಣದ ಇತರ ಉಪಗ್ರಹಗಳು 1 ಕಿಲೋಮೀಟರಿನಲ್ಲಿ ನೋಡುತ್ತಿದ್ದ ಕಾಲದಲ್ಲೇ ಇದು 360 ಮೀಟರಿನಲ್ಲಿ ನೋಡುತ್ತಿತ್ತು. ಮೂರನೆಯದರಲ್ಲಿ ಬ್ಯಾಂಡುಗಳು 13ಕ್ಕೆ ಏರಿವೆ, ಜೊತೆಗೆ ಅದೇ ಉಪಗ್ರಹದಲ್ಲಿ ಗಾಳಿಯನ್ನು ಅಳೆಯುವ ಸ್ಕ್ಯಾಟರೋಮೀಟರೂ ಇದೆ. ಓಎಲ್‌ಸಿಐ ಬೆಳಗ್ಗೆ ಹತ್ತರ ಸುಮಾರಿಗೆ, ಓಸಿಎಂ ನಡುಹಗಲಿಗೆ ಹಾದುಹೋಗುವುದರಿಂದ ಎರಡನ್ನೂ ಕೂಡಿಸಿದರೆ ಟೆರ್ರಾ-ಆಕ್ವಾ ಜೋಡಿ ಕೊಡುತ್ತಿದ್ದ ಅನುಕೂಲ ಸ್ವಲ್ಪಮಟ್ಟಿಗೆ ಮರಳಿ ಸಿಗುತ್ತದೆ. ದತ್ತಾಂಶ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಭೂನಿಧಿ ಜಾಲತಾಣದಲ್ಲಿ ದೊರೆಯುತ್ತದೆ.

ಸೂಕ್ಷ್ಮವಾಗಿ ನೋಡುವವು

ಸೆಪ್ಟೆಂಬರ್ ಕೊನೆಗೆ ಆಕಾಶ ತೆರೆದುಕೊಳ್ಳುತ್ತಿದ್ದಂತೆ ಯುರೋಪಿನ ಸೆಂಟಿನೆಲ್-2 ಮತ್ತು ಅಮೆರಿಕದ ಲ್ಯಾಂಡ್‌ಸ್ಯಾಟ್‌ಗಳ ಕಾಲ ಶುರುವಾಗುತ್ತದೆ. ಸೆಂಟಿನೆಲ್-2ರ ಗೋಚರ ಬ್ಯಾಂಡುಗಳು 10 ಮೀಟರ್, ಜೋಡಿ ಉಪಗ್ರಹಗಳಿಂದ ಐದು ದಿನಕ್ಕೊಂದು ಚಿತ್ರ, ನೋಟದ ಅಗಲ 290 ಕಿಲೋಮೀಟರ್. ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ ಎಂಟು ದಿನಕ್ಕೊಂದು ಚಿತ್ರ, ಪಿಕ್ಸೆಲ್ 30 ಮೀಟರ್, ಅಗಲ 185 ಕಿಲೋಮೀಟರ್.

ಮಂಗಳೂರು ಅಳಿವೆಯ 10 ಮೀಟರಿನ ಚಿತ್ರವೊಂದನ್ನು ಹಿಗ್ಗಿಸಿ ನೋಡಿದರೆ ಈ ಗುಂಪಿನ ಬೆಲೆ ಏನೆಂದು ತಿಳಿಯುತ್ತದೆ. ಬೆಂಗ್ರೆ ಮತ್ತು ಉಳ್ಳಾಲದ ಕಡೆಯಿಂದ ಚಾಚಿದ ಎರಡು ಕಲ್ಲುಗೋಡೆಗಳ ನಡುವಿನಿಂದ ನೀರು ಹೊರಬೀಳುವ ರೀತಿ, ಗೋಡೆಯ ತುದಿಯಲ್ಲಿ ಅದು ಸುಳಿಯುವ ಬಗೆ, ಕಂದುನೀರು ಮತ್ತು ಹಸಿರುನೀರಿನ ನಡುವೆ ನೊರೆ, ಕಸ, ಜೊಂಡು ಸೇರುವ ಗೆರೆ, ಆ ಗೆರೆಯನ್ನು ದಾಟಿಹೋದ ಬೋಟಿನ ಹಿಂದಿನ ಜಾಡು ಎಲ್ಲವೂ ಕಾಣುತ್ತವೆ. ಇನ್ನೊಂದು ಬೇರೆಯದೇ ಸಂಗತಿಯೂ ಅಲ್ಲೇ ಬಿಡಿಸಿಕೊಳ್ಳುತ್ತದೆ. ಉತ್ತರಕ್ಕೆ ಪಣಂಬೂರಿನಲ್ಲಿ ನವಮಂಗಳೂರು ಬಂದರಿದೆ, ಅದರ ಹಡಗುದಾರಿಯನ್ನು ಡ್ರೆಜ್ಜಿಂಗ್ ಮಾಡಿ, ಅಂದರೆ ಹೂಳೆತ್ತಿ, ಆಳ ಕಾಯ್ದುಕೊಳ್ಳಬೇಕಾಗುತ್ತದೆ. ಡ್ರೆಜ್ಜರ್ ಎಬ್ಬಿಸಿದ ಕೆಸರು 300 ಮೀಟರಿನ ಚಿತ್ರದಲ್ಲಿ ನದಿಯ ಪ್ಲೂಮಿನ ಬಾಲದಂತೆಯೇ ಕಂಡು ಮೋಸಗೊಳಿಸುತ್ತದೆ. 10 ಮೀಟರಿನ ಚಿತ್ರದಲ್ಲಿ ಅದು ಅಳಿವೆಗೆ ಯಾವ ನಂಟೂ ಇಲ್ಲದೆ ನಡುನೀರಿನಲ್ಲೇ ಹುಟ್ಟಿ, ಹಡಗುದಾರಿಯಗುಂಟ ನೆಟ್ಟಗೆ ಇರುವುದು ಗೊತ್ತಾಗುತ್ತದೆ. ಓಎಲ್‌ಸಿಐಯಿಂದ ಸರಣಿ ಕಟ್ಟುವವರೂ ಇದೇ ಕಾರಣಕ್ಕೆ ತಿಂಗಳಿಗೆ ಒಂದಾದರೂ ಸೆಂಟಿನೆಲ್-2 ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು.

ಸೆಂಟಿನೆಲ್-2 ಮತ್ತು ಲ್ಯಾಂಡ್‌ಸ್ಯಾಟ್‌ಗಳ ನಡುವೆ ಆರಿಸುವುದಾದರೆ, 2015ರಿಂದ ಈಚಿನ ಅಧ್ಯಯನಕ್ಕೆ ಸೆಂಟಿನೆಲ್-2 ಮೇಲು. ಮಳೆಗಾಲದ ಆಚೀಚೆ ಅದರ ಭೇಟಿಗಳೂ ಹೆಚ್ಚು. ಆದರೆ ಹಿಂದಕ್ಕೆ ಹೋಗಬೇಕಾದರೆ ಲ್ಯಾಂಡ್‌ಸ್ಯಾಟ್ ಒಂದೇ ದಾರಿ. 2008ರಿಂದ ಅದರ ಹಳೆಯ ಸಂಗ್ರಹವೆಲ್ಲ ಪುಕ್ಕಟೆ. ಕಾಳಿ ನದಿಯ ಸೂಪಾ ಅಣೆಕಟ್ಟೆ ಮುಗಿದದ್ದು 1987ರಲ್ಲಿ, ಕಾಳಿಯ ಕೆಳಪಾತ್ರದ ಕದ್ರಾ ಮತ್ತು ಕೊಡಸಳ್ಳಿ ಅಣೆಕಟ್ಟೆಗಳು ಎದ್ದದ್ದು 1990ರ ದಶಕದಲ್ಲಿ. ಇವುಗಳ ಹಿಂದುಮುಂದಿನ ಕಾರವಾರದ ಕಡಲನ್ನು ನೋಡಬಯಸುವವರಿಗೆ 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 5 ಬಿಟ್ಟರೆ ಹೆಚ್ಚಿನ ಆಸರೆಯಿಲ್ಲ. ಹೊಳಪನ್ನು ಬರೀ 256 ಮಟ್ಟಗಳಲ್ಲಿ ದಾಖಲಿಸುವ ಅದರ 8 ಬಿಟ್ ದತ್ತಾಂಶ ಕಪ್ಪಾದ ಕಡಲಿನ ನಸುವ್ಯತ್ಯಾಸಗಳನ್ನು ಹಿಡಿಯಲಾರದು ಎಂಬುದನ್ನು ನೆನಪಿಡಬೇಕು. ದಟ್ಟವಾದ ಪ್ಲೂಮಿನ ಆಕಾರ ಸಿಗುತ್ತದೆ, ಹೂಳಿನ ಪ್ರಮಾಣದ ಬಗ್ಗೆ ಅದರಿಂದ ಮಾತಾಡುವುದು ಅಪಾಯ. ಲ್ಯಾಂಡ್‌ಸ್ಯಾಟ್ 7ರ ಚಿತ್ರಗಳಲ್ಲಿ 2003ರ ಮೇ ಕೊನೆಯಿಂದ ಓರೆಯಾದ ಖಾಲಿ ಪಟ್ಟಿಗಳಿವೆ.

ಸೆಂಟಿನೆಲ್-2 ಮತ್ತು ಲ್ಯಾಂಡ್‌ಸ್ಯಾಟ್ ಎರಡಕ್ಕೂ ಇರುವ ದೊಡ್ಡ ತೊಂದರೆ ಬಿಸಿಲಿನ ಮಿಂಚು. ಮಂಗಳೂರಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ. ಈ ಉಪಗ್ರಹಗಳು ಹೆಚ್ಚುಕಡಿಮೆ ನೇರ ಕೆಳಗೆ ನೋಡುವುದರಿಂದ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅಲೆಗಳ ಮೇಲಿಂದ ಪ್ರತಿಫಲಿಸಿದ ಬಿಸಿಲು ಚಿತ್ರದ ಪೂರ್ವದ ಬದಿಯನ್ನು ವಿಶೇಷವಾಗಿ ಬೆಳ್ಳಗಾಗಿಸುತ್ತದೆ. ಓಎಲ್‌ಸಿಐಯ ಕ್ಯಾಮೆರಾಗಳನ್ನು ಪಶ್ಚಿಮಕ್ಕೆ 12.6 ಡಿಗ್ರಿ ವಾಲಿಸಿ ಕೂರಿಸಿರುವುದು ಈ ಮಿಂಚನ್ನು ತಪ್ಪಿಸುವುದಕ್ಕಾಗಿಯೇ. ಭೂಮಿಗಾಗಿ ಕಟ್ಟಿದ ಉಪಗ್ರಹಕ್ಕೂ ಕಡಲಿಗಾಗಿ ಕಟ್ಟಿದ ಉಪಗ್ರಹಕ್ಕೂ ಇರುವ ಅಂತರ ಇಂಥಲ್ಲಿ ಕಾಣುತ್ತದೆ.

ದಿನವೂ 3 ಮೀಟರಿನ ಚಿತ್ರ ಕೊಡುವ ಪ್ಲಾನೆಟ್‌ಸ್ಕೋಪ್‌ನಂಥ ಖಾಸಗಿ ಉಪಗ್ರಹಗಳೂ ಇವೆ. ಹಣ ಕೊಡಬೇಕು, ಮತ್ತು ನೂರಾರು ಸಣ್ಣ ಉಪಗ್ರಹಗಳ ಅಳತೆ ಒಂದಕ್ಕೊಂದು ಕರಾರುವಾಕ್ಕಾಗಿ ಹೊಂದುವುದಿಲ್ಲ. ಅಂಚಿನ ಆಕಾರ ನೋಡಲು ಆಗಬಹುದು, ಹೂಳಿನ ಲೆಕ್ಕಕ್ಕೆ ಬೇಡ.

ರೇಡಾರ್ ಮೋಡವನ್ನು ದಾಟುತ್ತದೆ, ಆದರೆ

ಮೋಡವೇ ತೊಡಕಾಗಿದ್ದರೆ ರೇಡಾರ್ ಬಳಸಬಹುದಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1 ಮೋಡದ ಮೂಲಕ, ಹಗಲು ರಾತ್ರಿಯೆನ್ನದೆ 250 ಕಿಲೋಮೀಟರ್ ಅಗಲದ ಚಿತ್ರ ತೆಗೆಯುತ್ತದೆ. 2025ರ ಜುಲೈ 30ರಂದು ಹಾರಿದ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್ ಕೂಡ ಈ ಸಾಲಿಗೆ ಸೇರಿದೆ. ಆದರೆ ರೇಡಾರ್ ನೀರಿನ ಬಣ್ಣವನ್ನಾಗಲಿ ಹೂಳನ್ನಾಗಲಿ ನೋಡುವುದಿಲ್ಲ. ಅದು ನೋಡುವುದು ಮೇಲ್ಮೈಯ ಒರಟುತನವನ್ನು. ನದಿನೀರು ಮತ್ತು ಕಡಲನೀರು ಎದುರಾಗುವ ಅಂಚಿನಲ್ಲಿ ಪ್ರವಾಹಗಳು ಒಂದಕ್ಕೊಂದು ತಾಗಿ ಸಣ್ಣ ಅಲೆಗಳು ಏಳುವುದರಿಂದ ಅಲ್ಲಿ ಹೊಳೆಯುವ ಗೆರೆಯೊಂದು ಮೂಡುತ್ತದೆ. ಗಾಳಿ ಸೆಕೆಂಡಿಗೆ ಎರಡು ಮೂರು ಮೀಟರಿಗಿಂತ ಕಡಿಮೆಯಾದರೆ ಇಡೀ ಕಡಲೇ ಕಪ್ಪಾಗಿ ಗೆರೆ ಅಡಗುತ್ತದೆ, ಹತ್ತು ಮೀಟರಿನ ಆಸುಪಾಸಿಗೆ ಏರಿದರೆ ಇಡೀ ಕಡಲೇ ಒರಟಾಗಿ ಗೆರೆ ಮುಳುಗಿಹೋಗುತ್ತದೆ. ಜೂನ್ ಜುಲೈಯಲ್ಲಿ ಅರಬ್ಬೀ ಸಮುದ್ರದ ಗಾಳಿ ಎಷ್ಟಿರುತ್ತದೆಂದು ಕರಾವಳಿಯವರಿಗೆ ಹೇಳಬೇಕಿಲ್ಲ. ಇದರ ಮೇಲೆ ಮಳೆಯ ಹನಿಗಳೂ ಸೆಂಟಿನೆಲ್-1 ಬಳಸುವ ಸಿ-ಬ್ಯಾಂಡ್ ರೇಡಿಯೋ ಅಲೆಯ ಚಿತ್ರದಲ್ಲಿ ತಮ್ಮ ಗುರುತು ಬಿಡುತ್ತವೆ. ಒಂದು ಉಪಗ್ರಹ ಒಂದೇ ಪಥಕ್ಕೆ ಮರಳುವುದು 12 ದಿನಕ್ಕೊಮ್ಮೆ.

ಆದ್ದರಿಂದ ರೇಡಾರನ್ನು ಮಳೆಗಾಲದ ಪರಿಹಾರವೆಂದು ನಂಬಿ ಇಡೀ ಪ್ರಬಂಧವನ್ನು ಅದರ ಮೇಲೆ ಕಟ್ಟಬಾರದು. ಗಾಳಿ ತಗ್ಗಿದ ಮಳೆಗಾಲದ ದಿನಗಳಲ್ಲಿ ಅಂಚಿನ ಜಾಗವನ್ನು ಗುರುತಿಸಲು, ಬೆಳಕಿನ ಚಿತ್ರ ಸಿಗದ ವಾರಗಳ ನಡುವೆ ಒಂದೆರಡು ಬಿಂದುಗಳನ್ನು ತುಂಬಲು ಅದು ಒದಗುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಮಣ್ಣಿನ ರಾಶಿಯೇ ಬಿದ್ದಾಗ, ಪಾತ್ರದೊಳಗೆ ಎದ್ದ ದಿಬ್ಬದಂಥದನ್ನು ಮೋಡದಡಿಯಲ್ಲಿ ಗುರುತಿಸಲು ರೇಡಾರ್ ತಕ್ಕ ಸಾಧನ. ಆ ಮಣ್ಣು ಕರಗಿ ಅಳಿವೆಯಾಚೆ ಎಷ್ಟು ಹೋಯಿತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಚಿತ್ರ ಆರಿಸಿದ ಮೇಲಿನ ಆಯ್ಕೆ

ಉಪಗ್ರಹದ ಆಯ್ಕೆಯಷ್ಟೇ ತೂಕದ ಇನ್ನೊಂದು ಆಯ್ಕೆ ವಾತಾವರಣದ ತಿದ್ದುಪಡಿ, ಮತ್ತು ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿ. ಕಡಲಿನ ಮೇಲಿಂದ ಉಪಗ್ರಹ ತಲುಪುವ ನೀಲಿ ಬೆಳಕಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿ ಮತ್ತು ದೂಳಿನಿಂದ ಚದುರಿ ಬಂದದ್ದು, ನೀರಿನೊಳಗಿಂದ ಬಂದದ್ದು ಉಳಿದ ಅಲ್ಪಭಾಗ ಮಾತ್ರ. ಸ್ವಚ್ಛ ಸಾಗರದಲ್ಲಿ ನೀರು ಸಮೀಪದ ಅವಗೆಂಪು ಬೆಳಕಿಗೆ ಪೂರ್ತಿ ಕಪ್ಪು ಎಂದು ಭಾವಿಸಿ, ಅಲ್ಲಿ ಕಂಡ ಬೆಳಕೆಲ್ಲ ವಾತಾವರಣದ್ದೆಂದು ಕಳೆಯುತ್ತಾರೆ. ಹೂಳುತುಂಬಿದ ಪ್ಲೂಮಿನಲ್ಲಿ ಆ ನೀರೇ ಅವಗೆಂಪಿನಲ್ಲಿ ಹೊಳೆಯುವುದರಿಂದ ಈ ಲೆಕ್ಕ ಅತಿಯಾಗಿ ಕಳೆದುಬಿಡುತ್ತದೆ, ಕೆಲವೊಮ್ಮೆ ಅಳಿವೆಯ ಬಾಯಲ್ಲೇ ಋಣಾತ್ಮಕ ಸಂಖ್ಯೆಗಳು ಬರುತ್ತವೆ. ಇದಕ್ಕೆ ಒಂದು ಉಪಾಯ ಇನ್ನೂ ಉದ್ದನೆಯ ತರಂಗಾಂತರಕ್ಕೆ ಹೋಗುವುದು. 1600 ಮತ್ತು 2200 ನ್ಯಾನೋಮೀಟರಿನ ಸುಮಾರಿಗೆ ಕೆಸರುನೀರೂ ಕಪ್ಪಾಗಿಯೇ ಇರುತ್ತದೆ. ಸೆಂಟಿನೆಲ್-2, ಲ್ಯಾಂಡ್‌ಸ್ಯಾಟ್, ವಿಐಐಆರ್‌ಎಸ್‌ಗಳಿಗೆ ಈ ಬ್ಯಾಂಡುಗಳಿವೆ. ಓಎಲ್‌ಸಿಐಗೆ ಇಲ್ಲ, ಅದು 1020ಕ್ಕೆ ನಿಲ್ಲುತ್ತದೆ. ಓಎಲ್‌ಸಿಐಗೆ ಸಿ2ಆರ್‌ಸಿಸಿಯಂಥ ನರಜಾಲ ಆಧಾರಿತ ವಿಧಾನವನ್ನು ಬಳಸುತ್ತಾರೆ. ಸೂಕ್ಷ್ಮ ಪಿಕ್ಸೆಲ್‌ನ ಚಿತ್ರಗಳಿಗೆ ಬೆಲ್ಜಿಯಂನಲ್ಲಿ ರೂಪುಗೊಂಡ ಆಕೊಲೈಟ್ ಎಂಬ ಪುಕ್ಕಟೆ ತಂತ್ರಾಂಶ ಚೆನ್ನಾಗಿ ಒದಗುತ್ತದೆ.

ಉಪಗ್ರಹ ದತ್ತಾಂಶವನ್ನು ಜಾಲದಲ್ಲೇ ಸಂಸ್ಕರಿಸುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಸಿದ್ಧವಾಗಿ ಸಿಗುವ ಮೇಲ್ಮೈ ಪ್ರತಿಫಲನದ ದತ್ತಾಂಶವನ್ನು ಹಾಗೆಯೇ ಎತ್ತಿಕೊಂಡು ಕಡಲಿಗೆ ಬಳಸುವುದನ್ನು ನಾನು ಖಂಡಿತವಾಗಿ ಬೇಡವೆನ್ನುವೆ. ಅವು ಹೊಲ ಕಾಡುಗಳಿಗಾಗಿ ತಿದ್ದಿದ ಚಿತ್ರಗಳು. ಪ್ಲೂಮ್ ಎಲ್ಲಿದೆ ಎಂದು ಕಣ್ಣಲ್ಲಿ ನೋಡಲು ಸಾಕು, ಸಂಖ್ಯೆ ಬೇಕಾದರೆ ಸಾಲದು. ಅದೇ ರೀತಿ ಪಾಚಿಯ ಪ್ರಮಾಣ ತೋರಿಸುವ ಸಿದ್ಧ ಕ್ಲೋರೊಫಿಲ್ ನಕ್ಷೆಗಳೂ ಅಳಿವೆಯ ಬಳಿ ದಾರಿ ತಪ್ಪಿಸುತ್ತವೆ. ನೀಲಿ ಮತ್ತು ಹಸಿರು ಬೆಳಕಿನ ಅನುಪಾತದಿಂದ ಲೆಕ್ಕ ಹಾಕುವ ಸೂತ್ರಕ್ಕೆ ಎಲೆಯ ಕಂದುಬಣ್ಣವೂ ಹೂಳೂ ಪಾಚಿಯಂತೆಯೇ ಕಾಣುತ್ತವೆ. ಮೇಲಾಗಿ ನೈಋತ್ಯ ಮಾರುತದ ತಿಂಗಳುಗಳಲ್ಲಿ ತಳದ ತಣ್ಣೀರು ಮೇಲೇರಿ ಕಡಲು ತಾನಾಗಿಯೇ ಹಸಿರಾಗುತ್ತದೆ, ಅದನ್ನು ನದಿಯ ಖಾತೆಗೆ ಬರೆಯಬಾರದು.

ಹೂಳಿನ ಅಂದಾಜಿಗೆ ಕೆಂಪು ಬ್ಯಾಂಡ್ ಒಂದು ಮಟ್ಟದವರೆಗೆ ಸರಿ. ನೀರು ತೀರ ದಟ್ಟವಾದಾಗ ಕೆಂಪಿನ ಹೊಳಪು ಇನ್ನು ಏರದೆ ನಿಂತುಬಿಡುವುದರಿಂದ, ಅಲ್ಲಿಂದಾಚೆ 860 ನ್ಯಾನೋಮೀಟರಿನ ಬ್ಯಾಂಡಿಗೆ ದಾಟಿಕೊಳ್ಳುವ ಸೂತ್ರಗಳನ್ನು ಬಳಸಬೇಕು. ಅಂಚು ಎಲ್ಲಿದೆ ಎಂದು ತೀರ್ಮಾನಿಸಲು ಬೇರೆ ಕಡಲಿನ ಪ್ರಬಂಧದಿಂದ ಮಿತಿಸಂಖ್ಯೆಯೊಂದನ್ನು ತರುವ ಬದಲು, ಅಳಿವೆಯಿಂದ ಹೊರಕ್ಕೆ ನೇರ ಗೆರೆಯೊಂದನ್ನು ಎಳೆದು, ಆ ಗೆರೆಯಗುಂಟ ಕೆಂಪಿನ ಹೊಳಪು ಎಲ್ಲಿ ಥಟ್ಟನೆ ಇಳಿಯುತ್ತದೆ ಎಂದು ನೋಡುವುದು ಹೆಚ್ಚು ನಂಬಲರ್ಹ. ಒಂದೇ ಗೆರೆಯ ಬದಲು ಬೀಸಣಿಗೆಯಂತೆ ಹತ್ತು ಹನ್ನೆರಡು ಗೆರೆಗಳನ್ನು ಎಳೆದರೆ ಅಂಚಿನ ಆಕಾರವೇ ದೊರೆಯುತ್ತದೆ. ಮಳೆಗಾಲದಲ್ಲಿ ದಡಕ್ಕೆ ಬಡಿಯುವ ಅಲೆಗಳೇ ತಳದ ಕೆಸರನ್ನು ಎಬ್ಬಿಸಿ ಇಡೀ ಕರಾವಳಿಯಗುಂಟ ಒಂದು ಕದಡಿದ ಪಟ್ಟಿಯನ್ನು ಮಾಡಿರುತ್ತವೆ. ಅಳಿವೆಯಿಲ್ಲದ ಜಾಗದಲ್ಲೂ ಅಂಥದೇ ಗೆರೆಯೊಂದನ್ನು ಎಳೆದು ಹೋಲಿಸಿದರೆ ಮಾತ್ರ ನದಿಯ ಪಾಲೆಷ್ಟು, ಅಲೆಯ ಪಾಲೆಷ್ಟು ಎಂಬುದು ಬಿಡಿಸಿ ಬರುತ್ತದೆ.

ಪ್ಲೂಮ್ ತಿರುಗುವ ದಿಕ್ಕಿನ ವಿಚಾರದಲ್ಲೂ ಎಚ್ಚರ ಬೇಕು. ಭೂಮಿಯ ತಿರುಗಾಟದಿಂದ ಉತ್ತರಾರ್ಧಗೋಳದಲ್ಲಿ ಪ್ಲೂಮ್ ಬಲಕ್ಕೆ, ಅಂದರೆ ಪಶ್ಚಿಮಕ್ಕೆ ಮುಖಮಾಡಿದ ನಮ್ಮ ದಡದಲ್ಲಿ ಉತ್ತರಕ್ಕೆ ತಿರುಗಬೇಕು. ಆದರೆ ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ. ಹಾಗಾಗಿ ಅಕ್ಟೋಬರಿನ ನಿರ್ಮಲ ಚಿತ್ರಗಳಿಂದ ಕಂಡ ದಿಕ್ಕನ್ನು ಜುಲೈಗೆ ಅನ್ವಯಿಸಲಾಗದು. ಭರತ-ಇಳಿತದ ತೊಡಕು ಇನ್ನೂ ನವಿರಾದದ್ದು. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತ ಒಂದು ಊರಿನಲ್ಲಿ ಯಾವಾಗಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಏರುತ್ತದೆ, ಉಪಗ್ರಹವೂ ದಿನಾ ಒಂದೇ ಹೊತ್ತಿಗೆ ಬರುತ್ತದೆ. ಪರಿಣಾಮವಾಗಿ ದೊಡ್ಡ ಭರತದ ದಿನಗಳಲ್ಲಿ ಒಂದೇ ಉಪಗ್ರಹ ಯಾವಾಗಲೂ ಅದೇ ಹಂತವನ್ನು ನೋಡುತ್ತಿರುತ್ತದೆ, ಇಳಿತದ ಕೊನೆಯಲ್ಲಿ ಪ್ಲೂಮ್ ಅತ್ಯಂತ ದೂರ ಚಾಚುವ ಗಳಿಗೆ ಅದರ ಕಣ್ಣಿಗೆ ಬೀಳದೇ ಹೋಗಬಹುದು. ಬೆಳಗಿನ ಓಎಲ್‌ಸಿಐ ಜೊತೆಗೆ ನಡುಹಗಲಿನ ಓಸಿಎಂ, ಮಧ್ಯಾಹ್ನದ ವಿಐಐಆರ್‌ಎಸ್ ಚಿತ್ರಗಳನ್ನು ಸೇರಿಸಿಕೊಳ್ಳಲು ಇದೊಂದೇ ಕಾರಣ ಸಾಕು. ಕೊರಿಯಾದವರಿಗೆ ಈ ಸಮಸ್ಯೆಯಿಲ್ಲ. 2020ರಲ್ಲಿ ಹಾರಿದ ಅವರ ಭೂಸ್ಥಿರ ಉಪಗ್ರಹದ (ಒಂದೇ ಜಾಗದ ಮೇಲೆ ನಿಂತಂತಿರುವ ಉಪಗ್ರಹ) ಗೋಸಿ-2 ಉಪಕರಣ ಅವರ ಕಡಲನ್ನು ಹಗಲಿನಲ್ಲಿ ಗಂಟೆಗೊಮ್ಮೆ 250 ಮೀಟರಿನಲ್ಲಿ ನೋಡುತ್ತದೆ. ನಮ್ಮ ಕರಾವಳಿಗೂ ಅಂಥದೊಂದು ಕಣ್ಣು ಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಹಾಗಾದರೆ ಯಾರು ಯಾವುದನ್ನು ಹಿಡಿಯಬೇಕು? ಒಂದು ಸ್ನಾತಕೋತ್ತರ ಪ್ರಬಂಧಕ್ಕೆ, ಒಂದು ನದಿಯ ಎರಡು ಮೂರು ವರ್ಷದ ಅಧ್ಯಯನಕ್ಕೆ ಓಎಲ್‌ಸಿಐಯನ್ನು ಬೆನ್ನೆಲುಬಾಗಿಟ್ಟು, ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಸೆಂಟಿನೆಲ್-2ರಿಂದ ಅದನ್ನು ಪರೀಕ್ಷಿಸಿಕೊಳ್ಳುವುದು ನನ್ನ ಸಲಹೆ. ದಶಕಗಳ ಬದಲಾವಣೆಗೆ ಮೋಡಿಸ್ ಮತ್ತು ಓಸಿಎಂ, ಅದಕ್ಕೂ ಹಿಂದಿನದಕ್ಕೆ ಲ್ಯಾಂಡ್‌ಸ್ಯಾಟ್. ಅಳಿವೆಯ ಕಲ್ಲುಗೋಡೆ, ಹೂಳೆತ್ತುವಿಕೆ, ಕಡಲ್ಕೊರೆತದಂಥ ಎಂಜಿನಿಯರಿಂಗ್ ಪ್ರಶ್ನೆಗೆ ಸೆಂಟಿನೆಲ್-2 ಒಂದೇ ಬಹುತೇಕ ಸಾಕು. ದತ್ತಾಂಶ ಸಂಸ್ಕರಣೆಯ ಅನುಭವವಿಲ್ಲದ ಶಾಲಾ ಕಾಲೇಜು ಶಿಕ್ಷಕರು ಸೆಂಟಿನೆಲ್ ಚಿತ್ರಗಳನ್ನು ಹಂಚುವ ಯುರೋಪಿನ ಕೊಪರ್ನಿಕಸ್ ಜಾಲತಾಣದ ಬ್ರೌಸರಿನಲ್ಲೇ ಅಕ್ಟೋಬರ್ ತಿಂಗಳ ಸೆಂಟಿನೆಲ್-2 ಚಿತ್ರವೊಂದನ್ನು ತೆರೆದು ತರಗತಿಗೆ ತೋರಿಸಬಹುದು, ಅದಕ್ಕೆ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳಬೇಕಿಲ್ಲ. ಸಂಶೋಧನೆ ಮಾಡುವವರು ಮಾತ್ರ ಯಾವ ಉಪಗ್ರಹವನ್ನು ಹಿಡಿದರೂ ಅದು ಹಾದುಹೋಗುವ ದಿನ ಮತ್ತು ಹೊತ್ತನ್ನು ಮೊದಲೇ ನೋಡಿಕೊಂಡು, ಅದರ ಒಂದು ಗಂಟೆಯ ಆಸುಪಾಸಿನಲ್ಲಿ ದೋಣಿಯಿಂದ ಲವಣಾಂಶ, ಹೂಳು, ನೀರಿಗೆ ಇಳಿಬಿಟ್ಟ ಬಿಳಿತಟ್ಟೆ ಎಷ್ಟು ಆಳದವರೆಗೆ ಕಾಣುತ್ತದೆ ಎಂಬ ಮೂರು ಅಳತೆಗಳನ್ನಾದರೂ ತೆಗೆಯಬೇಕು. ನೀರನ್ನು ಮೇಲ್ಮೈಯ ಅರ್ಧ ಮೀಟರಿನೊಳಗಿನಿಂದಲೇ ತೆಗೆಯಬೇಕು, ಏಕೆಂದರೆ ಕೆಸರುನೀರಿನಲ್ಲಿ ಉಪಗ್ರಹ ಅದಕ್ಕಿಂತ ಹೆಚ್ಚು ಆಳಕ್ಕೆ ನೋಡುವುದಿಲ್ಲ, ಮತ್ತು ಪ್ಲೂಮಿನ ಪದರವೇ ಕೆಲವೆಡೆ ಒಂದೆರಡು ಮೀಟರಿಗಿಂತ ದಪ್ಪವಿರುವುದಿಲ್ಲ.